ಬಲಗಿವಿಯ ಗುರುತು

ವರದಿ ಕೋಣೆಯ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಒಡೆದ ಹಾಲಿನ ವಾಸನೆ. ಆಮೇಲೆ ಕಣ್ಣಿಗೆ ಬೀಳುವುದು ಮೇಜು: ನಿನ್ನೆಯ ಟೀ ಕೆನೆಗಟ್ಟಿದ ಎರಡು ಲೋಟ, ಕೀಬೋರ್ಡಿನ ಸಂದುಗಳಲ್ಲಿ ಬಿಸ್ಕತ್ತಿನ ಪುಡಿ, ಪರದೆಯ ಮೇಲೆ ಜಿಡ್ಡು ಬೆರಳಿನ ಅಚ್ಚು. ಇವೆಲ್ಲದರ ನಡುವೆ ದೊಡ್ಡ ಡಾಕ್ಟರು ಕಾಲು ಚಾಚಿ ಕೂತು, ಪೆನ್ನಿನ ಮುಚ್ಚಳದಿಂದ ತಮ್ಮ ಕಿವಿ ಕೆರೆದುಕೊಳ್ಳುತ್ತ, ಯಾರದೋ ಮಗುವಿನ ಕಿವಿಯ ಚಿತ್ರ ನೋಡುತ್ತಿರುತ್ತಾರೆ. ಮುಚ್ಚಳ ಹೊರಗೆ ಬಂದಾಗ ಅದರ ತುದಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಾರೆ, ಪ್ಯಾಂಟಿಗೆ ಒರೆಸುತ್ತಾರೆ, ಅದೇ ಕೈಯಲ್ಲಿ ಇನ್ನೊಂದು ಬಿಸ್ಕತ್ತು ಎತ್ತಿಕೊಳ್ಳುತ್ತಾರೆ. ಮಗುವಿನ ಕಿವಿಗಿಂತ ತಮ್ಮ ಕಿವಿಯ ಗುಗ್ಗೆಯನ್ನೇ ಅವರು ಹೆಚ್ಚು ಶ್ರದ್ಧೆಯಿಂದ ನೋಡುತ್ತಾರೆ ಎಂಬುದು ಅಕ್ಕನ ಅಭಿಪ್ರಾಯ.

ಅಕ್ಕ ಅಂದರೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಎಂಆರ್‌ಐ ಯಂತ್ರವನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿರುವ ಟೆಕ್ನಿಷಿಯನ್. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಮೀನೆಣ್ಣೆಯಕ್ಕ. ದೊಡ್ಡ ಡಾಕ್ಟರಿಗೂ ಒಂದು ಅಡ್ಡಹೆಸರಿದೆ, ನಾರ್ಮಲ್ ಸಾಹೇಬರು. ಯಾರ ಚಿತ್ರ ಬಂದರೂ ಸರಿ, ಅವರ ವರದಿ ಶುರುವಾಗುವುದು ಎಲ್ಲ ನಾರ್ಮಲ್ ಎಂಬ ಸಿದ್ಧ ಪ್ಯಾರಾದಿಂದ. ಅದನ್ನು ಅವರು ಬರೆಯುವುದೂ ಇಲ್ಲ, ಒಂದು ಗುಂಡಿ ಒತ್ತಿದರೆ ತಾನೇ ಬಂದು ಕೂರುತ್ತದೆ. ಟೀ ಆರುವುದರೊಳಗೆ ವರದಿ ಮುಗಿದಿರುತ್ತದೆ. ಈ ಇಬ್ಬರೂ ಒಂದೇ ಸೂರಿನಡಿ ಕೆಲಸ ಮಾಡುತ್ತ ಒಂದು ವರ್ಷವಾಗಿತ್ತು. ಅಷ್ಟೂ ದಿನ ಅಕ್ಕ ಆ ಕೋಣೆಗೆ ಉಸಿರು ಬಿಗಿಹಿಡಿದು ಹೋಗಿ, ಕೆಲಸ ಮುಗಿಸಿ, ಹೊರಗೆ ಬಂದು ಉಸಿರು ಬಿಡುತ್ತಿದ್ದಳು.

ಮೀನೆಣ್ಣೆಯ ಕತೆ ಇಷ್ಟು. ಹುಟ್ಟುಕಿವುಡು ಮಕ್ಕಳಿಗೆ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್, ಕಾಕ್ಲಿಯರ್ ಇಂಪ್ಲಾಂಟ್, ಈ ಆಸ್ಪತ್ರೆಯಲ್ಲಿ ನಡೆಯುತ್ತದೆ. ಒಂದು ಮಗುವಿಗೆ ಒಂದೇ ಯಂತ್ರ, ಒಂದೇ ಕಿವಿಗೆ. ಯಾವ ಕಿವಿಗೆ ಎಂದು ಹೇಳಬೇಕಾದದ್ದು ಸ್ಕ್ಯಾನ್. ಒಳಗಿವಿಯಿಂದ ಮೆದುಳಿಗೆ ಹೋಗುವ ನರ ಕೆಲವು ಮಕ್ಕಳಿಗೆ ಒಂದು ಪಕ್ಕದಲ್ಲಿ ಹುಟ್ಟಿರುವುದೇ ಇಲ್ಲ. ನರವಿಲ್ಲದ ಕಿವಿಗೆ ಯಂತ್ರ ಕೂರಿಸಿದರೆ ತಂತಿಯಿಲ್ಲದ ಕಂಬಕ್ಕೆ ಬಲ್ಬು ಕಟ್ಟಿದ ಹಾಗೆ. ಆದ್ದರಿಂದ ಅಕ್ಕ ಮಗುವನ್ನು ಯಂತ್ರದೊಳಗೆ ತಳ್ಳುವ ಮೊದಲು ಅದರ ಬಲಗಿವಿಯ ಹಿಂದೆ ಒಂದು ಮೀನೆಣ್ಣೆ ಕ್ಯಾಪ್ಸೂಲನ್ನು ಪ್ಲಾಸ್ಟರಿನಲ್ಲಿ ಅಂಟಿಸುತ್ತಾಳೆ. ಚಿತ್ರದಲ್ಲಿ ಅದು ಬೆಳ್ಳಗೆ ಅವರೆಕಾಳಿನಷ್ಟು ಕಾಣುತ್ತದೆ. ಬೆಳ್ಳಗಿದ್ದ ಕಡೆ ಬಲ, ಅಷ್ಟೇ. ಚಿತ್ರದ ಮೂಲೆಯಲ್ಲಿ ಎಡ ಬಲ ಎಂದು ಅಕ್ಷರ ಇರುತ್ತದೆ ನಿಜ, ಆದರೆ ಅಕ್ಷರ ಕತ್ತರಿಸಿಹೋಗಬಹುದು, ಕ್ಯಾಪ್ಸೂಲು ಎಲ್ಲಿಗೂ ಹೋಗುವುದಿಲ್ಲ. ನಿದ್ದೆ ಔಷಧಿ ಕುಡಿದ ಮಕ್ಕಳು ಹೊರಳಿ ಒಮ್ಮೊಮ್ಮೆ ಅದನ್ನು ಒಡೆದುಬಿಡುತ್ತಾರೆ. ಆ ದಿನ ಅಕ್ಕನ ಕೈ, ಸೆರಗು, ಊಟದ ಡಬ್ಬಿ ಎಲ್ಲವೂ ಕೊಳೆತ ಮೀನಿನ ವಾಸನೆ. ಅದನ್ನು ಮಾತ್ರ ಆಕೆ ಎಂದೂ ಹೇಸಿಗೆ ಎಂದುಕೊಂಡವಳಲ್ಲ.

ಇನ್ನೊಂದು ಸಂಗತಿಯಿದೆ, ಹನ್ನೆರಡು ಚಿತ್ರದ ಹಾಳೆ. ಸ್ಕ್ಯಾನ್ ಚಿತ್ರ ನೋಡುವುದು ಎದುರಿಗೆ ನಿಂತವರನ್ನು ನೋಡಿದ ಹಾಗೆ, ಮಗುವಿನ ಬಲ ನಮ್ಮ ಎಡಕ್ಕೆ ಬರುತ್ತದೆ. ಮೊದಲಿದ್ದ ಹಳೆಯ ಸರ್ಜನ್ನರಿಗೆ ಇದು ಸರಿಬರುತ್ತಿರಲಿಲ್ಲ. "ನಾನು ಮಗೂ ತಲೆ ಹಿಂದೆ ನಿಂತು ಕೊಯ್ಯೋನು ಕಣಮ್ಮ, ನಂಗೆ ಬಲ ಬಲಕ್ಕೇ ಕಾಣ್ಬೇಕು" ಎಂದು ಅವರು ಹೇಳಿದ್ದರಿಂದ ಅಕ್ಕ ಆರುನೂರು ಚಿತ್ರಗಳಲ್ಲಿ ಮುಖ್ಯವಾದ ಹನ್ನೆರಡನ್ನು ಆರಿಸಿ, ಕಿವಿಯ ಭಾಗವಷ್ಟೇ ದೊಡ್ಡದಾಗಿ ಉಳಿಸಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಒಂದು ಹಾಳೆ ಮಾಡಿ ಫೈಲಿಗೆ ಹಾಕುತ್ತಿದ್ದಳು. ಹಳೆಯ ಸರ್ಜನ್ ನಿವೃತ್ತರಾಗಿ ಹೋದರು. ಹೊಸ ಸರ್ಜನ್ ಬಂದರು, ನಾರ್ಮಲ್ ಸಾಹೇಬರು ಬಂದರು. ಹಾಳೆ ಸಾಕು ಎಂದು ಯಾರೂ ಹೇಳಲಿಲ್ಲ. ಅಕ್ಕ ಮಾಡುತ್ತಲೇ ಹೋದಳು, ಅದು ಫೈಲಿನೊಳಗೆ ಹೋಗುತ್ತಲೇ ಇತ್ತು.

ಆ ಗುರುವಾರ ಬೆಳಿಗ್ಗೆ ಅಕ್ಕ ಮೇಲಿನ ಮಹಡಿಗೆ ಹೋಗಿದ್ದಳು. ಅಲ್ಲಿ ಮಾತು ಕಲಿಸುವ ಕೋಣೆಯ ಹೊರಗೆ, ನಗುವ ಮಕ್ಕಳ ಫೋಟೋಗಳ ಕೆಳಗೆ, 'ಶೇಕಡ ನೂರು ಯಶಸ್ಸು' ಎಂದು ಬರೆದ ಫಲಕ ಇದೆ. ಫಲಕದ ಕೆಳಗೇ ಹೊಸ ಸರ್ಜನ್ ನಿಂತು ಒಬ್ಬ ಹೆಂಗಸನ್ನು ಗದರಿಸುತ್ತಿದ್ದರು. ಹೆಂಗಸು ಟೈಲರ್. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತು ಬಂದಿದ್ದಳು. ಪಕ್ಕದಲ್ಲಿ ನಾಲ್ಕು ವರ್ಷ ಹತ್ತು ತಿಂಗಳ ಮಗಳು, ಎಡಗಿವಿಯ ಮೇಲೆ ಯಂತ್ರ.

"ಅಮ್ಮ, ಯಂತ್ರ ಹಾಕೋದು ನಮ್ಮ ಕೆಲಸ, ಹಾಕಿದ್ದೀವಿ. ಮಾತಾಡ್ಸೋದು ನಿಮ್ಮ ಕೆಲಸ. ಹತ್ತು ತಿಂಗಳಾಯ್ತು. ಒಂದು ಸದ್ದಿಗೂ ಮಗು ತಿರುಗಲ್ಲ ಅಂದ್ರೆ ಏನರ್ಥ?"

"ಮಾತಾಡ್ಸ್ತೀನಿ ಸಾರ್. ಎದ್ದಾಗಿಂದ ಮಲಗೋವರ್ಗೂ ಬಾಯಿ ಮುಚ್ಚಲ್ಲ. ಗಂಟಲೇ ಹೋಗಿದೆ ನೋಡಿ."

ಗಂಟಲು ನಿಜಕ್ಕೂ ಹೋಗಿತ್ತು. ಆಕೆಯ ಮಾತು ಒಣ ಎಲೆ ತುಳಿದ ಹಾಗೆ ಕೇಳುತ್ತಿತ್ತು.

"ಎಲ್ಲಾ ತಾಯಂದಿರೂ ಹಂಗೇ ಹೇಳೋದು. ಮಿಷನ್ ಮುಂದೆ ಕೂತ್ಕೊಂಡು ಮಗೂನ ಬಟ್ಟೆ ಚೂರಿನ ಮಧ್ಯೆ ಬಿಟ್ಟಿರ್ತೀರಿ."

"ಇಲ್ಲ ಸಾರ್. ಮತ್ತೆ ಇನ್ನೊಂದು. ಸದ್ದು ಜಾಸ್ತಿ ಮಾಡಿದಾಗೆಲ್ಲ ಅವಳ ಎಡಗಣ್ಣು ಅದುರುತ್ತೆ, ಕೆನ್ನೆ ಎಳ್ಕೊಳ್ಳುತ್ತೆ. ಹೋದ ಸಲಾನೂ ಹೇಳ್ದೆ."

"ಅದು ಹಠ." ಸರ್ಜನ್ ಗಡಿಯಾರ ನೋಡಿಕೊಂಡರು. ಅವರು ತಿರುಗಿದಾಗ ಸೆಂಟಿನ ವಾಸನೆ ಗಪ್ಪೆಂದು ಬಂತು. "ನಾಳೆ ಹತ್ತು ಗಂಟೆಗೆ ಕಮಿಟಿ ಇದೆ. ಮನೆಯವರ ಸಹಕಾರ ಇಲ್ಲ ಅಂತ ಬರೆದು ಫೈಲ್ ಮುಚ್ತೀವಿ. ನಾವೇನು ಮಾಡೋಕಾಗುತ್ತೆ?"

ಫೈಲ್ ಮುಚ್ಚುವುದು ಅಂದರೆ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತು. ಮುಚ್ಚಿದ ಫೈಲಿನ ಮಗುವಿಗೆ, ಮೊದಲ ಯಂತ್ರ ಕೈಕೊಟ್ಟಿದ್ದರೂ, ಇನ್ನೊಂದು ಕಿವಿಗೆ ಯಂತ್ರ ಕೇಳುವ ಹಕ್ಕಿಲ್ಲ. ಐದು ವರ್ಷ ತುಂಬಿದ ಮೇಲೆ ಹೊಸ ಪಟ್ಟಿಗೂ ಸೇರಿಸುವುದಿಲ್ಲ. ಈ ಹುಡುಗಿಗೆ ಐದು ತುಂಬಲು ಎರಡೇ ತಿಂಗಳಿತ್ತು. ಮುಚ್ಚಿದ ಫೈಲುಗಳು ಲೆಕ್ಕಕ್ಕೆ ಬಾರದಿರುವುದರಿಂದಲೇ ಗೋಡೆಯ ಮೇಲಿನ ನೂರು ನೂರಾಗಿ ಉಳಿದಿರುವುದು ಎಂಬುದೂ ಎಲ್ಲರಿಗೂ ಗೊತ್ತು. ಥೂ, ಎಂಥಾ ಜನ, ಎಂದುಕೊಂಡು ಅಕ್ಕ ಮೆಟ್ಟಿಲು ಇಳಿದಳು. ಆದರೆ ಸುಳ್ಳು ಯಾಕೆ ಹೇಳಬೇಕು, ಇವಳೂ ಮಗುವಿನ ಕಡೆ ಇನ್ನಷ್ಟು ಗಮನ ಕೊಡಬಹುದಿತ್ತೇನೋ ಎಂದು ಅಕ್ಕನ ಮನಸ್ಸಿಗೂ ಒಂದೆರಡು ಸಲ ಬಂದುಹೋಗಿತ್ತು.

ಕೆಳಗೆ ಬೆಂಚಿನ ಮೇಲೆ ಲಾರಿ ಡ್ರೈವರ್ ಕಾಯುತ್ತಿದ್ದ. ಅವನ ಮೂರು ವರ್ಷದ ಮಗನಿಗೆ ನಾಳೆ ಮಧ್ಯಾಹ್ನ ಆಪರೇಷನ್. ಮಗ ಅಪ್ಪನ ಚಪ್ಪಲಿಯೊಂದನ್ನು ಲಾರಿ ಮಾಡಿಕೊಂಡು ಟೈಲ್ಸಿನ ಗೆರೆಗುಂಟ ಓಡಿಸುತ್ತಿದ್ದ.

"ಅಕ್ಕಾ, ಒಂದು ಮಾತು ಕೇಳ್ಲಾ? ಬೈಕೋಬೇಡಿ."

"ಬೈಯೋಕೆ ನಂಗೆ ಪುರುಸೊತ್ತೆಲ್ಲಿದೆ, ಕೇಳಿ."

"ಈ ಚೀಟೀಲಿ ಬಲಗಡೆ ನರ ಇಲ್ಲ, ಎಡಗಡೆ ಇದೆ, ಎಡಕ್ಕೇ ಹಾಕ್ಬೇಕು ಅಂತ ಬರ್ದಿದ್ದಾರಂತೆ. ನರ್ಸಮ್ಮ ಓದಿ ಹೇಳಿದ್ರು." ಅವನು ದನಿ ತಗ್ಗಿಸಿದ. "ಇವ್ನು ಲಾರಿ ಹತ್ರಾನೇ ಆಡ್ತಿರ್ತಾನೆ. ಬಲಗಡೆಯಿಂದ ಜೋರಾಗಿ ಹಾರ್ನ್ ಹೊಡೆದ್ರೆ ರೆಪ್ಪೆ ಬಡೀತಾನೆ. ಎಡಗಡೆಯಿಂದ ಹೊಡೆದ್ರೆ ಕಲ್ಲು, ಏನೂ ಇಲ್ಲ. ಬೀದಿಯವರೆಲ್ಲ ನಂಗೆ ಹುಚ್ಚು ಹಿಡಿದಿದೆ ಅಂತಾರೆ, ಅಷ್ಟು ಸಲ ಹೊಡೆದು ನೋಡಿದ್ದೀನಿ. ಡಾಕ್ಟ್ರ ಹತ್ರ ಕೇಳೋಕೆ ಧೈರ್ಯ ಬರ್ಲಿಲ್ಲ."

ಡಾಕ್ಟರಿಗೆ ಗೊತ್ತಿರುತ್ತೆ ಬಿಡಿ ಎಂಬ ಮಾತು ಅಕ್ಕನ ನಾಲಗೆಯ ತುದಿಗೆ ಬಂದಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಆಕೆ ಎಷ್ಟು ಜನರಿಗೆ ಹೇಳಿಲ್ಲ! ಯಾಕೋ ಈ ಸಲ ಬಾಯಿ ಬರಲಿಲ್ಲ. "ಐದು ನಿಮಿಷ ಕೂತಿರಿ" ಎಂದು ಒಳಗೆ ಹೋಗಿ, ಹುಡುಗನ ಮೂಲ ಚಿತ್ರಗಳನ್ನು ತೆರೆದಳು. ಆರುನೂರೂ ತೆರೆದುಕೊಳ್ಳಲು ನಾಲ್ಕು ನಿಮಿಷ ಬೇಕು.

ಒಳಗಿವಿಯ ಹಿಂದೆ ಮೂಳೆಯೊಳಗೊಂದು ಸಣ್ಣ ಕೊಳವೆ ಇದೆ. ಅದರಲ್ಲಿರುವ ನೀರು ಈ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ನೀರಿನಲ್ಲಿ ತೇಲುವ ನಾಲ್ಕು ನರಗಳು ನಾಲ್ಕು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಕೇಳಿಸುವ ನರ ಇಲ್ಲದಿದ್ದರೆ ಮೂರೇ ಚುಕ್ಕೆ. ಅಕ್ಕ ಡಾಕ್ಟರಲ್ಲ, ಆದರೆ ನಾಲ್ಕರವರೆಗೆ ಎಣಿಸಲು ಡಾಕ್ಟರೇ ಆಗಬೇಕಿಲ್ಲ. ಒಂದು ಪಕ್ಕ ಎಣಿಸಿದಳು, ಮೂರು. ಇನ್ನೊಂದು ಪಕ್ಕ ಎಣಿಸಿದಳು, ನಾಲ್ಕು. ನಾಲ್ಕಿದ್ದ ಪಕ್ಕದಲ್ಲಿ, ಕಿವಿಯ ಹಿಂದೆ, ಬೆಳ್ಳಗೆ ಅವರೆಕಾಳು ಕೂತಿತ್ತು. ಅಂದರೆ ಬಲ. ಹುಡುಗನ ಬಲಗಿವಿಗೆ ನರವಿದೆ, ಎಡಗಿವಿಗಿಲ್ಲ. ಬೀದಿಯವರು ಹುಚ್ಚು ಎಂದುಕೊಂಡ ಅಪ್ಪ ಹಾರ್ನ್ ಹೊಡೆದು ಹೊಡೆದು ಕಂಡುಕೊಂಡದ್ದೇ ಸರಿ.

ಹಾಗಾದರೆ ವರದಿ ಹೇಗೆ ಉಲ್ಟಾ ಆಯಿತು? ಆಕೆ ಫೈಲಿನಿಂದ ತನ್ನದೇ ಹನ್ನೆರಡು ಚಿತ್ರದ ಹಾಳೆ ತೆಗೆದು ಪರದೆಯ ಪಕ್ಕ ಹಿಡಿದಳು. ಕನ್ನಡಿಯಂತೆ ತಿರುಗಿಸಿದ ಹಾಳೆ. ಅದನ್ನು ಮೂಲ ಚಿತ್ರವೆಂದು ತಿಳಿದು ಓದಿದವರಿಗೆ ಬಲ ಎಡವಾಗಿ, ಎಡ ಬಲವಾಗಿ ಕಾಣಲೇಬೇಕು. ಮೂಲೆಯ ಅಕ್ಷರ ಕತ್ತರಿಸಿಹೋಗಿತ್ತು. ಬೆಳ್ಳನೆಯ ಗುರುತೂ ಇರಲಿಲ್ಲ. ಅದು ಎಲ್ಲಿ ಹೋಯಿತು ಎಂಬುದು ಅಕ್ಕನಿಗೆ ನೆನಪಾಯಿತು.

ಸಾಹೇಬರು ಬಂದ ಹೊಸತರಲ್ಲಿ ಒಂದು ದಿನ ಇದೇ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, "ಇದೇನ್ರೀ ಬಿಳೀ ಕಜ್ಜಿ ಎಲ್ಲಾ ಚಿತ್ರದಲ್ಲೂ? ಅಸಹ್ಯವಾಗಿದೆ. ತೆಗೀರಿ" ಎಂದಿದ್ದರು. ಅಸಹ್ಯವಂತೆ! ಕಿವಿಯ ಗುಗ್ಗೆ ಪ್ಯಾಂಟಿಗೆ ಒರೆಸುವ ಮನುಷ್ಯನಿಗೆ ಒಂದು ಕ್ಯಾಪ್ಸೂಲು ಅಸಹ್ಯ ಎಂದು ಆಕೆ ಮನಸ್ಸಿನಲ್ಲೇ ನಕ್ಕಿದ್ದಳು. ನಕ್ಕು, ಅಂದಿನಿಂದ ಪ್ರತಿ ಹಾಳೆಯಲ್ಲೂ ಗುರುತನ್ನು ಅಳಿಸುತ್ತ ಬಂದಿದ್ದಳು. ಸರ್ಜನ್ನರಿಗೆಂದು ಮಾಡಿದ ಹಾಳೆ ವರದಿ ಬರೆಯುವವರ ಕೈಯಲ್ಲಿ ಏನು ಮಾಡುತ್ತಿದೆ ಎಂದು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಆ ಕೋಣೆಯಲ್ಲಿ ಅರ್ಧ ನಿಮಿಷ ಹೆಚ್ಚು ನಿಲ್ಲುವುದು ಆಕೆಗೆ ಬೇಡವಾಗಿತ್ತು.

"ಸಾರ್, ನೀವು ವರದಿ ಬರೆಯೋದು ಈ ಹಾಳೆ ನೋಡಿಯಾ?" ಈ ಸಲ ಅಕ್ಕ ಉಸಿರು ಬಿಗಿಹಿಡಿಯಲು ಮರೆತು ನೇರ ವರದಿ ಕೋಣೆಗೆ ನುಗ್ಗಿದ್ದಳು.

ನಾರ್ಮಲ್ ಸಾಹೇಬರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿದರು. "ಮತ್ತಿನ್ನೇನು ನೋಡ್ಲಿ? ಆರುನೂರು ಚಿತ್ರ ಯಾರ್ರೀ ನೋಡ್ತಾರೆ? ನೀವು ಹನ್ನೆರಡು ಆರಿಸಿ ಕೊಡ್ತೀರಲ್ಲ, ಚೆನ್ನಾಗಿ ಆರಿಸ್ತೀರಿ. ಎಷ್ಟೋ ಜನ ಡಾಕ್ಟ್ರಿಗಿಂತ ವಾಸಿ."

ಹತ್ತೊಂಬತ್ತು ವರ್ಷದಲ್ಲಿ ಯಾರೂ ಹೊಗಳದಿದ್ದ ಅಕ್ಕನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಆಕೆ ಹಾಳೆಯನ್ನು ಲೋಟಗಳ ನಡುವೆ ಇಟ್ಟಳು.

"ಅದು ತಿರುಗಿಸಿದ ಹಾಳೆ ಸಾರ್. ಹಳೇ ಸರ್ಜನ್ನರಿಗೆ ಅಂತ ಮಾಡ್ತಿದ್ದದ್ದು. ನಾಳೆಯ ಹುಡುಗನಿಗೆ ನರ ಇರೋದು ಬಲಗಡೆ. ನೀವು ಎಡ ಅಂತ ಬರ್ದಿದ್ದೀರಿ."

ಸಾಹೇಬರ ದವಡೆ ನಿಂತಿತು. ಅದ್ದಿದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಒಂದು ಗಳಿಗೆ ಆ ಮುಖದಲ್ಲಿ ಹೆದರಿಕೆ ಕಂಡಿತು. ಈ ಮನುಷ್ಯನೊಳಗೂ ಒಬ್ಬ ಮನುಷ್ಯ ಇದ್ದಾನೆ ಎಂದು ಅಕ್ಕ ಆಸೆಪಟ್ಟಳು. ಆಮೇಲೆ ಅವರು ಎರಡು ಬೆರಳನ್ನು ಲೋಟದೊಳಗೆ ಇಳಿಸಿ, ಮುದ್ದೆಯಾದ ಬಿಸ್ಕತ್ತನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅದೇ ಬೆರಳಲ್ಲಿ ಕೀಬೋರ್ಡ್ ಕುಟ್ಟಿದರು. ಎಡ ಎಂದಿದ್ದದ್ದು ಬಲವಾಯಿತು, ಬಲ ಎಂದಿದ್ದದ್ದು ಎಡವಾಯಿತು. ತಾರೀಖು ಹಳೆಯದೇ, ಸಹಿಯೂ ಹಳೆಯದೇ. ಹಳೆಯ ಪ್ರತಿಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿ ಸರ್ಜನ್ನರಿಗೆ ಫೋನು ಮಾಡಿದರು. "ಒಂದು ಟೈಪಿಂಗ್ ತಪ್ಪು, ನಾಳೆ ಹುಡುಗನಿಗೆ ಬಲಗಡೆ." ಆ ಕಡೆಯಿಂದ ಸರ್ಜನ್ನರ ದನಿ ಸ್ಪಷ್ಟವಾಗಿ ಕೇಳಿಸಿತು. "ಬಲಾನಾ? ಸರಿ, ಬಲ." ಚಪ್ಪಲಿ ಅಂಗಡಿಯಲ್ಲಿ ಅಳತೆ ಬದಲಾಯಿಸುವುದಕ್ಕೂ ಜನ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಹುಡುಗನೇನೋ ಬಚಾವಾದ. ಅಕ್ಕ ಕೆಳಗೆ ಹೋಗಿ ಡ್ರೈವರಿಗೆ ಬಲಗಿವಿಗೇ ಹಾಕುತ್ತಾರೆ ಎಂದು ಹೇಳಿದಳು. ಅವನು ಕೈ ಮುಗಿದು, ದೊಡ್ಡ ಡಾಕ್ಟರು ದೇವರಂಥವರು ಎಂದ.

ಊಟದ ಹೊತ್ತಿನಲ್ಲಿ ಆಕೆ ಡಬ್ಬಿ ತೆರೆಯಲಿಲ್ಲ. ಒಂದೇ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು. ಸಾಹೇಬರು ಬಂದ ಮೇಲೆ ಆಪರೇಷನ್ ಆದ ಮಕ್ಕಳು ಎಷ್ಟು? ನಲವತ್ತೊಂದು. ಒಂದೊಂದನ್ನೇ ತೆರೆದು ಎಣಿಸುತ್ತ ಹೋದಳು, ನಾಲ್ಕು ನಾಲ್ಕು, ನಾಲ್ಕು ನಾಲ್ಕು. ಎರಡೂ ಕಿವಿ ಒಂದೇ ಥರ ಇದ್ದರೆ ಚಿತ್ರ ತಿರುಗಿದರೂ ನಷ್ಟವಿಲ್ಲ. ಮೂವತ್ತನೆಯ ಮಗು ದಾಟಿದಾಗ ಸ್ವಲ್ಪ ಜೀವ ಬಂತು. ಬೆಳಗಿನಿಂದ ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಒಂದು ಫೈಲನ್ನು ಆಕೆ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ನಾಲ್ಕು ಗಂಟೆಯ ಸುಮಾರಿಗೆ ಬೇರೆ ದಾರಿಯಿಲ್ಲದೆ ಅದನ್ನು ತೆರೆದಳು.

ಟೈಲರ್ ಹೆಂಗಸಿನ ಮಗಳು. ಎಡಕ್ಕೆ ಮೂರು ಚುಕ್ಕೆ. ಬಲಕ್ಕೆ, ಅವರೆಕಾಳಿನ ಪಕ್ಕದಲ್ಲಿ, ನಾಲ್ಕು. ಯಂತ್ರ ಕೂರಿಸಿದ್ದು ಎಡಕ್ಕೆ.

ಫೈಲಿನಲ್ಲಿ ಇನ್ನೊಂದು ಚೀಟಿ ಇತ್ತು. ಆಪರೇಷನ್ ದಿನವೇ ಯಂತ್ರ ಪರೀಕ್ಷಿಸಿದವರು ನರದಿಂದ ಉತ್ತರ ಬರುತ್ತಿಲ್ಲ ಎಂದು ಬರೆದಿದ್ದರು. ಅದರ ಕೆಳಗೆ ಸರ್ಜನ್ನರ ಕೈಬರಹ: ಆಮೇಲೆ ಬರುತ್ತದೆ. ಬರಲಿಲ್ಲ, ಎಲ್ಲಿಂದ ಬರಬೇಕು? ಬಾರದ್ದಕ್ಕೆ ಕರೆಂಟನ್ನು ಏರಿಸುತ್ತ ಹೋಗಿದ್ದರು. ಕೇಳಿಸುವ ನರ ಇಲ್ಲದ ಕಡೆ ಕರೆಂಟು ಪಕ್ಕದ ಮುಖದ ನರಕ್ಕೆ ಹರಿಯುತ್ತಿತ್ತು. ಕಣ್ಣು ಅದುರುತ್ತಿದ್ದುದು ಅದಕ್ಕೆ, ಕೆನ್ನೆ ಎಳೆಯುತ್ತಿದ್ದುದು ಅದಕ್ಕೆ. ಹತ್ತು ತಿಂಗಳಿಂದ ಆ ತಾಯಿ ಮಗುವಿನ ಹಿಂದೆ ಕೂತು ಗಂಟಲು ಹರಿದುಕೊಂಡು ಕರೆದಿದ್ದಾಳೆ, ಮಗು ಮುಖ ಅದುರಿಸಿಕೊಂಡು ಸುಮ್ಮನೆ ಕೂತಿದೆ. ಇವರು ಅದನ್ನು ಹಠ ಎಂದರು. ತಾಯಿಯ ತಲೆಯ ಮೇಲೆ ಗೂಬೆ ಕೂರಿಸಿ ಬೋರ್ಡಿನ ಮೇಲೆ ನೂರು ಬರೆದರು.

ಅಕ್ಕ ಎದ್ದು ಹೋಗಿ ಬಚ್ಚಲಲ್ಲಿ ಕಾರಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಬಂದದ್ದು ಹಳದಿ ನೀರು. ಮುಖ ತೊಳೆದುಕೊಂಡು ಚಿತ್ರದ ಪ್ರಿಂಟು ಹಿಡಿದು ಮತ್ತೆ ಮೇಲೆ ವರದಿ ಕೋಣೆಗೆ ಹೋದಳು.

ಸಾಹೇಬರು ಈ ಸಲ ಬೆಚ್ಚಲಿಲ್ಲ, ಅಭ್ಯಾಸವಾಗಿಹೋಗಿತ್ತು. ಪ್ರಿಂಟನ್ನು ನೋಡಿದರು, ಎದ್ದು ಬಾಗಿಲು ಮುಚ್ಚಿದರು. ಒಡೆದ ಹಾಲಿನ ವಾಸನೆ ದಟ್ಟವಾಯಿತು.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸಾರ್. ನಾಳೆ ಕಮಿಟೀಲಿ ನೀವೇ ಹೇಳ್ಬೇಕು. ಬಲಗಿವಿ ಚೆನ್ನಾಗಿದೆ, ಇನ್ನೂ ಎರಡು ತಿಂಗಳು ಟೈಮಿದೆ."

"ನೋಡಿ ಅಕ್ಕ." ಮೊದಲ ಸಲ ಅವರೂ ಅಕ್ಕ ಎಂದರು. "ಹಾಳೆ ಮಾಡಿದ್ದು ಯಾರು? ನೀವು. ತಿರುಗಿಸಿದ್ದು ಯಾರು? ನೀವು. ಆ ಬಿಳೀ ಗುರುತು ಅಳಿಸಿದ್ದು?"

"ನೀವು ಹೇಳಿದ್ರಿ, ಅಳಿಸ್ದೆ."

"ಬರಹದಲ್ಲಿ ಹೇಳಿದ್ನಾ?" ಅವರು ನಕ್ಕರು. ಹಲ್ಲಿನ ಸಂದಿಯಲ್ಲಿ ಬಿಸ್ಕತ್ತು ಕಂಡಿತು. "ಬಿಡಿ. ಆಗಿದ್ದು ಆಗೋಯ್ತು. ತಾಯಿ ಸಹಕರಿಸಲಿಲ್ಲ ಅಂತ ಆಗ್ಲೇ ಟೈಪ್ ಆಗಿದೆ. ನಾಳೆ ಫೈಲ್ ಮುಚ್ಚುತ್ತೆ. ಇನ್ಮೇಲೆ ಮೂಲ ಚಿತ್ರಾನೇ ನೋಡ್ತೀನಿ, ಆಯ್ತಾ? ನಾನೂ ಉಳೀತೀನಿ, ನೀವೂ ಉಳೀತೀರಿ. ನಿಮಗೆ ಇನ್ನೆಷ್ಟು ವರ್ಷ ಇದೆ ರಿಟೈರ್ ಆಗೋಕೆ?"

"ಎಂಟು."

"ನೋಡಿ, ಎಂಟೇ." ಅವರು ಬಿಸ್ಕತ್ತಿನ ಪೊಟ್ಟಣವನ್ನು ಆಕೆಯ ಕಡೆ ತಳ್ಳಿದರು. "ತಗೊಳ್ಳಿ, ಮುಖ ಬಾಡಿಹೋಗಿದೆ."

ಅಕ್ಕನಿಗೆ ನೆನಪಿರುವುದು ಆಮೇಲೆ ಮೆಟ್ಟಿಲು ಇಳಿದದ್ದು. ಕೆಳಗೆ ಬಂದು ಯಂತ್ರದ ಮುಂದೆ ಕೂತಾಗ ಬಲಗೈಯಲ್ಲಿ ಏನೋ ಜಿಡ್ಡುಜಿಡ್ಡಾಗಿತ್ತು. ಮುಷ್ಟಿ ಬಿಚ್ಚಿ ನೋಡಿದಳು. ಬಿಸ್ಕತ್ತು. ಬೆವರಿಗೆ ಕರಗಿ ಅಂಗೈಗೆ ಅಂಟಿತ್ತು. ಸಾಹೇಬರು ಕೊಟ್ಟಾಗ ಕೈ ತಾನೇ ಮುಂದೆ ಹೋಗಿ ತೆಗೆದುಕೊಂಡಿತ್ತು. ಗುರುತು ಅಳಿಸಿ ಎಂದಾಗ ಅಳಿಸಿದ ಕೈಯೇ ಇದು. ವರ್ಷವಿಡೀ ಆ ಕೋಣೆಯ ಕೊಳಕನ್ನು ನೋಡಿ ಮೂಗು ಮುರಿದದ್ದೇ ಬಂತು, ತಾನೇನೋ ಹೊರಗೆ ನಿಂತವಳು, ಚೊಕ್ಕವಾಗಿರುವವಳು ಎಂದುಕೊಂಡದ್ದೇ ಬಂತು. ಕೊಳಕು ಯಾವಾಗಲೋ ಮೊಣಕೈವರೆಗೆ ಹತ್ತಿತ್ತು. ಆಕೆ ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದಳು. ಹೇಸಿಗೆ ಮಾತ್ರ ಹೋಗಲಿಲ್ಲ, ಏಕೆಂದರೆ ಅದು ಈಗ ಸಾಹೇಬರ ಮೇಲಿನ ಹೇಸಿಗೆಯಾಗಿರಲಿಲ್ಲ.

ಆಮೇಲೆ ಕೂತು ಒಂದು ಬಿಳಿ ಹಾಳೆಯ ಮೇಲೆ ತನ್ನ ಕೈಯಾರೆ ಬರೆದಳು. ಹಾಳೆ ಮಾಡಿದವಳು ನಾನು, ತಿರುಗಿಸಿದವಳು ನಾನು, ಗುರುತು ಅಳಿಸಿದವಳು ನಾನು, ಅಳಿಸಲು ಹೇಳಿದವರು ಇಂಥವರು, ಮೂಲ ಚಿತ್ರ ನೋಡದೆ ವರದಿ ಬರೆದವರು ಇಂಥವರು. ಬಿಸಿಯಾಗಿ ಹೊರಬಂದ ಪ್ರಿಂಟುಗಳು ಮತ್ತು ಹುಡುಗಿಯ ಹನ್ನೆರಡು ಚಿತ್ರದ ಹಾಳೆಯ ಜೊತೆ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಫೈಲಿನಲ್ಲಿದ್ದ ವಿಳಾಸ ಹಿಡಿದು ಬಸ್ಸು ಹತ್ತಿದಳು.

ಟೈಲರ್ ಅಂಗಡಿ ಒಂದು ಓಣಿಯ ಮೂಲೆಯಲ್ಲಿತ್ತು, ಒಂದು ಮಂಚ ಹಾಕಿದರೆ ತುಂಬುವಷ್ಟು ಜಾಗ. ಸಂಜೆಯ ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ಹುಡುಗಿ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಸಣ್ಣ ಸ್ಟೂಲಿನ ಮೇಲೆ ಕೂತಿದ್ದಳು, ಎಡಗಿವಿ ಮಿಷನ್ನಿನ ಕಡೆಗೆ. ಸದ್ದು ಯಂತ್ರದ ಕಿವಿಗೇ ಬೀಳಲಿ ಎಂದು ತಾಯಿ ಅಲ್ಲಿ ಕೂರಿಸಿರುತ್ತಾಳೆ ಎಂಬುದು ಯಾರೂ ಹೇಳದೆ ಅಕ್ಕನಿಗೆ ಗೊತ್ತಾಯಿತು. ಮಿಷನ್ ಗಡಗಡ ಎಂದಾಗಲೆಲ್ಲ ಹುಡುಗಿಯ ಎಡಗಣ್ಣಿನ ರೆಪ್ಪೆ ಪಟಪಟ ಬಡಿಯುತ್ತಿತ್ತು.

"ನೀಲಿ ದಾರ ಇದು, ನೀಲಿ" ಎಂದು ತಾಯಿ ಹರಿದ ಗಂಟಲಲ್ಲಿ ಹೇಳುತ್ತಿದ್ದಳು. ಅಕ್ಕನನ್ನು ಕಂಡು ಪೆಡಲ್ ನಿಲ್ಲಿಸಿದಳು. "ಸ್ಕ್ಯಾನಿಂಗ್ ಅಕ್ಕ ಅಲ್ವಾ? ಏನು, ಫೈಲ್ ಮುಚ್ಚಿದ್ರಾ?"

"ಇನ್ನೂ ಇಲ್ಲ." ಅಕ್ಕ ನಿಂತೇ ಹೇಳಲು ಶುರುಮಾಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕೈಕೊಟ್ಟವು. ನರ, ಕೊಳವೆ, ಚುಕ್ಕೆ, ಕನ್ನಡಿ ಎಂದು ತಡವರಿಸಿದಳು. ಹೆಂಗಸು ಪ್ರಿಂಟನ್ನು ತೆಗೆದುಕೊಂಡು, ಕತ್ತರಿಸುವ ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿದಳು. ಪಕ್ಕದಲ್ಲಿ ಹನ್ನೆರಡು ಚಿತ್ರದ ಹಾಳೆ ಇಟ್ಟುಕೊಂಡಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಹಾಳೆಯನ್ನು ಎತ್ತಿ ಮಗುಚಿ ಬೆಳಕಿಗೆ ಹಿಡಿದಳು. ಹಿಂಬದಿಯಿಂದ ನೋಡಿದಾಗ ಎರಡೂ ಒಂದೇ ಆದವು.

"ಬಟ್ಟೆ ಮಗುಚಿ ಹಾಕಿ ಕತ್ತರಿಸಿಬಿಟ್ಟಿದ್ದೀರಿ" ಎಂದಳು. ಡಾಕ್ಟರಿಬ್ಬರಿಗೆ ಒಂದು ವರ್ಷದಿಂದ ತಿಳಿಯದೇ ಹೋದದ್ದು ಆಕೆಗೆ ಅರ್ಧ ನಿಮಿಷದಲ್ಲಿ ತಿಳಿದಿತ್ತು. "ಅಂದ್ರೆ ಇವಳಿಗೆ ಬಲಗಿವಿ ಸರಿ ಇತ್ತು."

"ಇದೆ. ಈಗ್ಲೂ ಇದೆ."

"ನಾನು ಮಾತಾಡ್ಸಿದ್ದು ಕಮ್ಮಿ ಆಗಿರ್ಲಿಲ್ಲ."

"ಇಲ್ಲಮ್ಮ."

ಹೆಂಗಸು ಮೇಜಿನ ಕಡೆ ತಿರುಗಿದಳು. ಮೇಜಿನ ಮೇಲೆ ಯಾರದೋ ರವಿಕೆಯ ಎರಡು ತೋಳು ಕತ್ತರಿಸಿ ಇಟ್ಟಿದ್ದಳು. ಒಂದರ ಮೇಲೆ ಸೀಮೆಸುಣ್ಣದಲ್ಲಿ ಸಣ್ಣದೊಂದು ಗೀರು ಇತ್ತು. ಅದರ ಮೇಲೆ ಬೆರಳಿಟ್ಟಳು.

"ಹೊಸದಾಗಿ ಕಲಿಯೋ ಹುಡುಗೀರು ಹೀಗೆ ಮಾಡ್ತಾರೆ. ಬಟ್ಟೆ ಯಾವ ಮಗ್ಗುಲು ಅಂತ ನೋಡದೆ ಕತ್ತರಿ ಹಾಕಿ ಎರಡೂ ಎಡದ ತೋಳೇ ಮಾಡಿಡ್ತಾರೆ. ಅದಕ್ಕೇ ಮೊದಲು ಬಲಕ್ಕೆ ಗುರುತು ಹಾಕ್ಸೋದು. ನೀವು ಗುರುತು ಹಾಕಲ್ವಾ?"

"ಹಾಕಿದ್ದೆ" ಎಂದಳು ಅಕ್ಕ. "ನಾನೇ ಅಳಿಸಿದೆ."

ಚೀಲದಿಂದ ಪತ್ರ ತೆಗೆದು ಚಾಚಿ, ಎಲ್ಲ ಇದರಲ್ಲಿ ಬರೆದಿದ್ದೇನೆ, ನಾಳೆ ಕಮಿಟಿಗೆ ಕೊಡಿ ಎಂದಳು. ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಅಕ್ಕ ಕಾಯುತ್ತ ನಿಂತಳು. ಹೆಂಗಸು ಬಗ್ಗಿ ಮಗಳ ಎಡಗಿವಿಯ ಮೇಲಿನ ಯಂತ್ರವನ್ನು ಮೆಲ್ಲಗೆ ಬಿಡಿಸಿ ತೆಗೆದಳು. ಅದುರುತ್ತಿದ್ದ ರೆಪ್ಪೆ ನಿಂತಿತು. ಯಂತ್ರವನ್ನು ಪ್ರಿಂಟಿನ ಮೇಲಿಟ್ಟು, ಮಡಿಸಿದ ಪತ್ರವನ್ನು ತೆಗೆದುಕೊಳ್ಳದೆ, ಅದನ್ನು ಹಿಡಿದಿದ್ದ ಕೈಯನ್ನೇ ನೋಡಿದಳು.

"ಪತ್ರ ನಿಮ್ಮ ಹತ್ರಾನೇ ಇರ್ಲಿ. ನಾಳೆ ಹತ್ತು ಗಂಟೆಗೆ ನೀವೇ ಬಂದು ಓದಿ. ನಾನು ಹೇಳಿದ್ರೆ ಎಲ್ಲಾ ತಾಯಂದಿರೂ ಹಂಗೇ ಹೇಳೋದು ಅಂತಾರೆ. ಅಳಿಸಿದೋರೇ ಹೇಳ್ಬೇಕು."